ಕಾಲೇಜು ರೇಡಿಯೋದಲ್ಲಿ ಎರಡು ಗಂಟೆಯ ಪಂಕ್–ಇಂಡೀ ಶೋ ಸಿಕ್ಕಿದೆ. ರೆಕಾರ್ಡ್ ಕೊಳ್ಳುವುದು ಹೇಗೆ, ನುಡಿಸುವುದು ಹೇಗೆ?

ಅಮೆರಿಕದ ಕಾಲೇಜು ಸ್ಟೇಷನ್ನಿನಲ್ಲಿ ಪಂಕ್ (ವೇಗದ, ಒರಟು ರಾಕ್) ಮತ್ತು ಇಂಡೀ (ಸಣ್ಣ ಸ್ವತಂತ್ರ ಕಂಪನಿಗಳ ರಾಕ್) ಹಾಡಿಗೆ ವಾರಕ್ಕೊಮ್ಮೆ ಎರಡು ಗಂಟೆ ಸಿಕ್ಕಿದೆ, ಸ್ಟುಡಿಯೋದಲ್ಲಿ ಎರಡು ಟರ್ನ್‌ಟೇಬಲ್ ಇವೆ, ಫೈಲ್ ಬೇಡ ರೆಕಾರ್ಡೇ ಹಾಕಬೇಕು ಅಂದಿದ್ದೀರಿ. ಮೊದಲು ಒಂದು ಲೆಕ್ಕ ಹಾಕೋಣ. 120 ನಿಮಿಷದಲ್ಲಿ ನಿಮ್ಮ ಮಾತು, ಸ್ಟೇಷನ್ ಹೆಸರು, ಪ್ರಕಟಣೆಗಳಿಗೆ 15 ನಿಮಿಷ ಕಳೆಯಿರಿ. ಉಳಿದದ್ದು 105. ಪಂಕ್ ಹಾಡು ಸರಾಸರಿ ಎರಡು ನಿಮಿಷ ಹತ್ತು ಸೆಕೆಂಡು ಅಂದುಕೊಂಡರೂ 48 ಹಾಡು ಬೇಕು. ಜಾಜ್ ಶೋದವರು ಇದೇ ಹೊತ್ತಿನಲ್ಲಿ ಹದಿನೈದು ಹಾಕಿ ಮನೆಗೆ ಹೋಗುತ್ತಾರೆ. ಪಂಕ್ ಶೋದ ಬಹುಪಾಲು ಎಡವಟ್ಟುಗಳ ಮೂಲ ಇದೇ: ಹಾಡು ಗಿಡ್ಡ, ಯೋಚಿಸಲು ಹೊತ್ತಿಲ್ಲ.

ಒಂದು ರೆಕಾರ್ಡ್ ತೆಗೆದು, ಕವರಿಗೆ ಹಾಕಿ, ಮುಂದಿನದನ್ನು ಇಟ್ಟು, ನಡುವಿನ ದೊಡ್ಡ ತೂತಿಗೆ ಹಾಕುವ ಅಡಾಪ್ಟರ್ ನೋಡಿ, ವೇಗ (ನಿಮಿಷಕ್ಕೆ 33 ಸುತ್ತೋ 45 ಸುತ್ತೋ) ಬದಲಿಸಿ, ಹೆಡ್‌ಫೋನಿನಲ್ಲಿ ಶುರು ಹುಡುಕಿ ನಿಲ್ಲಿಸಲು ಕೈ ಪಳಗಿದವರಿಗೂ 40–50 ಸೆಕೆಂಡು ಬೇಕು. ಹಾಡೇ 80 ಸೆಕೆಂಡಿದ್ದರೆ ನಿಮಗೆ ಉಳಿದದ್ದು ಅರ್ಧ ನಿಮಿಷ. ಅದರಲ್ಲಿ 'ಇದು 33ಓ 45ಓ, ಇದರಲ್ಲಿ ಬೈಗುಳ ಇದೆಯೋ ಇಲ್ಲವೋ' ಎಂದು ಕೂತರೆ ಆಯಿತು, ಗಾಳಿಯಲ್ಲಿ ಮೌನ. ಹಾಗಾಗಿ ತೀರ್ಮಾನಗಳೆಲ್ಲ ಮನೆಯಲ್ಲೇ ಮುಗಿದು, ರೆಕಾರ್ಡಿನ ಹೊರಗಿನ ಪ್ಲಾಸ್ಟಿಕ್ ಕವರಿನ ಮೇಲೆ ಒಂದು ಚೀಟಿಯಾಗಿ ಅಂಟಿರಬೇಕು. ಕಾಗದದ ಕವರಿನ ಮೇಲೆ ಅಂಟಿಸಬೇಡಿ. ಸ್ಟೇಷನ್ ಲೈಬ್ರರಿಯ ಪ್ರತಿಯ ಮೇಲಂತೂ ಕೇಳದೆ ಏನೂ ಬರೆಯಬೇಡಿ. ಬಿಬಿಸಿ ರೇಡಿಯೋದ ಡಿಜೆ ಜಾನ್ ಪೀಲ್ ತನ್ನ ಎಲ್‌ಪಿಗಳಿಗೆಲ್ಲ (ಪೂರ್ತಿ ಆಲ್ಬಮ್ ಇರುವ ಹನ್ನೆರಡಿಂಚಿನ ರೆಕಾರ್ಡು) ನಂಬರು ಕೊಟ್ಟು, ಒಂದೊಂದಕ್ಕೂ ಕಾರ್ಡ್ ಟೈಪ್ ಮಾಡಿ ಇಡುತ್ತಿದ್ದರು. ಅಷ್ಟು ಬೇಡ, ಚೀಟಿ ಸಾಕು.

ಚೀಟಿಯಲ್ಲಿ ವೇಗ, ಹಾಡಿನ ನಿಜವಾದ ಉದ್ದ, ಶುರು ಹೇಗೆ (ಡ್ರಮ್ ಕಡ್ಡಿಯ ಎಣಿಕೆಯೋ, ಫೀಡ್‌ಬ್ಯಾಕೋ, ನೇರ ಹೊಡೆತವೋ), ಕೊನೆ ಹೇಗೆ (ತಟ್ಟನೆಯೋ, ನಿಧಾನ ಇಳಿಯುತ್ತದೆಯೋ), ಬೈಗುಳ ಇರುವ ಹಾಡು ಯಾವುದು, ಸದ್ದು ಜೋರೋ ಮೆತ್ತಗೋ. ಇವಿಷ್ಟೂ ಎರಡು ಸಾಲಿನಲ್ಲಿ ಹಿಡಿಸುತ್ತವೆ. ರೆಕಾರ್ಡಿನ ನಡುವಿನ ಲೇಬಲ್ ಮೇಲೆ ಅಚ್ಚಾದ ಉದ್ದವನ್ನು ನಂಬಬೇಡಿ, ಗಡಿಯಾರ ಹಿಡಿದು ಅಳೆಯಿರಿ.

ವೇಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಏಳಿಂಚಿನ ರೆಕಾರ್ಡ್ ಎಂದರೆ 45, ಹನ್ನೆರಡಿಂಚಿನದು ಎಂದರೆ 33 ಎಂಬ ನಿಯಮ ಪಂಕ್‌ನಲ್ಲಿ ನಡೆಯುವುದಿಲ್ಲ. ಎಂಟು ಹಾಡು ತುರುಕಿದ ಹಾರ್ಡ್‌ಕೋರ್ (ಇನ್ನೂ ವೇಗದ ಪಂಕ್) ಏಳಿಂಚು 33 ಆಗಿರಬಹುದು. ಮೂರು ಹಾಡಿನ ಇಂಡೀ ಹನ್ನೆರಡಿಂಚು 45 ಆಗಿರಬಹುದು. ಎಷ್ಟೋ ಲೇಬಲ್‌ಗಳಲ್ಲಿ ವೇಗವನ್ನೇ ಅಚ್ಚು ಮಾಡಿರುವುದಿಲ್ಲ. 33ರದ್ದನ್ನು 45ರಲ್ಲಿ ಹಾಕಿದರೆ ಶ್ರುತಿ ಸುಮಾರು ಐದು ಸ್ವರಸ್ಥಾನ ಮೇಲೇರುತ್ತದೆ. ಪಾಪ್ ಹಾಡಾದರೆ ತಕ್ಷಣ ಗೊತ್ತಾಗುತ್ತದೆ, ಕಿರುಚುವ ಹಾರ್ಡ್‌ಕೋರ್‌ನಲ್ಲಿ ಗೊತ್ತಾಗುವುದೇ ಇಲ್ಲ. ಗಿಟಾರ್ ಕೇಳಬೇಡಿ, ಅದು ಎರಡು ವೇಗದಲ್ಲೂ ಸರಿಯೆನಿಸುತ್ತದೆ. ಹಾಡುಗಳ ನಡುವೆ ಯಾರಾದರೂ ಮಾತಾಡಿದ್ದರೆ ಆ ದನಿ ಕೇಳಿ, ಇಲ್ಲವೇ ಸಿಂಬಲ್‌ನ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ಆದರೂ ಅನುಮಾನವಿದ್ದರೆ ಡಿಸ್ಕಾಗ್ಸ್ ಎಂಬ ರೆಕಾರ್ಡ್ ಮಾಹಿತಿಯ ವೆಬ್‌ಸೈಟಿನಲ್ಲಿ ಅದೇ ಮುದ್ರಣದ ಪುಟಕ್ಕೆ ಹೋಗಿ ಹಾಡಿನ ಅವಧಿಗೆ ಹೋಲಿಸಿ.

ಕ್ಯೂ ಮಾಡುವುದಕ್ಕೆ, ಅಂದರೆ ಹಾಡಿನ ಶುರುವಿಗೆ ರೆಕಾರ್ಡನ್ನು ಸಜ್ಜಾಗಿಡುವುದಕ್ಕೆ, ಎರಡು ದಾರಿ, ಯಾವುದೆಂದು ತೀರ್ಮಾನಿಸುವುದು ಪ್ಲ್ಯಾಟರಿನ (ತಿರುಗುವ ತಟ್ಟೆಯ) ಮೇಲಿನ ಚಾಪೆ. ರಬ್ಬರ್ ಚಾಪೆಯಿದ್ದರೆ ಮೊದಲ ಸದ್ದು ಹುಡುಕಿ, ಮೋಟರ್ ನಿಲ್ಲಿಸಿ, ರೆಕಾರ್ಡನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ. ಟೆಕ್ನಿಕ್ಸ್ ಎಸ್‌ಎಲ್-1200 ಥರದ ಡೈರೆಕ್ಟ್ ಡ್ರೈವ್ ಯಂತ್ರ 0.7 ಸೆಕೆಂಡಿನಲ್ಲಿ 33ರ ವೇಗಕ್ಕೆ ಬರುತ್ತದೆ, ಅಷ್ಟರಲ್ಲಿ ಸರಿಸುಮಾರು ಕಾಲು ಸುತ್ತು ತಿರುಗಿರುತ್ತದೆ. 45ಕ್ಕೆ ಇನ್ನೊಂದಿಷ್ಟು ಹೆಚ್ಚು ಬಿಡಿ, ಬೆಲ್ಟ್ ಯಂತ್ರವಾದರೆ ಅರ್ಧ ಸುತ್ತು. ಕಡಿಮೆ ಬಿಟ್ಟರೆ ಹಾಡು 'ವ್ಞೋಂ' ಎಂದು ಎಳೆದುಕೊಂಡು ಏಳುತ್ತದೆ. ಫೆಲ್ಟ್ ಚಾಪೆಯಿದ್ದರೆ ಪ್ಲ್ಯಾಟರ್ ಕೆಳಗೆ ತಿರುಗುತ್ತಿರಲಿ, ರೆಕಾರ್ಡಿನ ಅಂಚನ್ನು ಬೆರಳಲ್ಲಿ ಹಗುರಾಗಿ ಹಿಡಿದಿಟ್ಟು, ಹೊತ್ತಿಗೆ ಸರಿಯಾಗಿ ಬಿಡಿ. 'ಒನ್ ಟೂ ತ್ರೀ ಫೋರ್' ಎಂದು ಶುರುವಾಗುವ ಹಾಡಿಗೆ ಇದೇ ವಾಸಿ.

ಶುರು ಹುಡುಕುವಾಗ ರೆಕಾರ್ಡನ್ನು ಗರಗಸದಂತೆ ಹಿಂದೆ ಮುಂದೆ ಉಜ್ಜುವುದು ಕೆಟ್ಟ ಚಾಳಿ. ಅದೇ ಜಾಗದಲ್ಲಿ ಗ್ರೂವ್ (ಮುಳ್ಳು ಓಡುವ ಗೆರೆ) ಸವೆದು ಪ್ರತಿ ಹಾಡಿನ ಮೊದಲ ಸೆಕೆಂಡು 'ಶ್ಶ್' ಎನ್ನತೊಡಗುತ್ತದೆ. ಹಳೆಯ ಸ್ಟೇಷನ್ ಲೈಬ್ರರಿಯ ಜನಪ್ರಿಯ ರೆಕಾರ್ಡುಗಳಲ್ಲಿ ಇದು ಮಾಮೂಲಿ. ಇದಕ್ಕೆ ಕ್ಯೂ ಬರ್ನ್ ಎನ್ನುತ್ತಾರೆ, ತೊಳೆದರೂ ಹೋಗುವುದಿಲ್ಲ. ಒಂದು ಸಲ ಮುಂದೆ, ಒಂದು ಸಲ ಹಿಂದೆ, ಅಷ್ಟೇ. ಮುಳ್ಳು ದುಂಡು ತುದಿಯದ್ದಾಗಿರಲಿ. ಅಂಡಾಕಾರದ ತುದಿ ಮನೆಯಲ್ಲಿ ಚೆನ್ನ, ಹಿಂದಕ್ಕೆ ತಿರುಗಿಸುವ ಕೆಲಸಕ್ಕೆ ಅಲ್ಲ. ಮುಳ್ಳು ಒತ್ತುವ ಭಾರ 3 ಗ್ರಾಂ ಆಸುಪಾಸು, ಕಾರ್ಟ್ರಿಜ್ (ಮುಳ್ಳು ಕೂರುವ ಡಬ್ಬಿ) ತಯಾರಕರು ಹೇಳಿದ ಮಿತಿಯೊಳಗೆ. ಮುಳ್ಳು ಹಾರುತ್ತದೆಂದು ತೋಳಿನ ಮೇಲೆ ನಾಣ್ಯ ಅಂಟಿಸುವವರಿದ್ದಾರೆ. ಹಾರುವುದಕ್ಕೆ ಕಾರಣ ಹೆಚ್ಚಾಗಿ ಮುಳ್ಳಿಗೆ ಸುತ್ತಿಕೊಂಡ ಧೂಳಿನ ಉಂಡೆ, ಅದನ್ನು ಹಿಂದಿನಿಂದ ಮುಂದಕ್ಕೆ ಬ್ರಷ್ ಮಾಡಿ ತೆಗೆಯಿರಿ. ಸದ್ದು ತೆಳ್ಳಗೆ, ಬೇಸ್ ಇಲ್ಲದೆ ಬಂದರೆ ಯಾರೋ ತಂತಿಯನ್ನು ಟರ್ನ್‌ಟೇಬಲ್‌ಗೆಂದೇ ಇರುವ ಫೋನೋ ಕಿಂಡಿಯ ಬದಲು ಲೈನ್ ಕಿಂಡಿಗೆ ಸಿಕ್ಕಿಸಿದ್ದಾರೆ. 'ಗುಂಯ್' ಎನ್ನುತ್ತಿದ್ದರೆ ಅರ್ಥ್ ತಂತಿ ಕಳಚಿದೆ.

ಅಮೆರಿಕದ ಹಳೆಯ ಸಿಂಗಲ್‌ಗಳ (ಬದಿಗೊಂದೇ ಹಾಡಿನ ಏಳಿಂಚು) ನಡುವಿನ ತೂತು ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್. ಅಡಾಪ್ಟರ್ ಬೇಕೇ ಬೇಕು. ಸ್ಟೇಷನ್ನಿನ ಅಡಾಪ್ಟರ್ ಯಾವಾಗಲೂ ಕಳೆದುಹೋಗಿರುತ್ತದೆ, ಎರಡು ಸ್ವಂತದ್ದು ಇಟ್ಟುಕೊಳ್ಳಿ. ಫ್ಲೆಕ್ಸಿ ಡಿಸ್ಕ್ (ತೆಳು ಪ್ಲಾಸ್ಟಿಕ್ ಹಾಳೆಯ ರೆಕಾರ್ಡ್) ಇದ್ದರೆ ಅದನ್ನು ಕೆಲಸಕ್ಕೆ ಬಾರದ ಒಂದು ಗಟ್ಟಿ ರೆಕಾರ್ಡಿನ ಮೇಲಿಟ್ಟು ನುಡಿಸಿ. ಜಾರಿದರೆ ಲೇಬಲ್ ಜಾಗದಲ್ಲಿ ನಾಣ್ಯ ಇಡಬಹುದು; ನಾಣ್ಯಕ್ಕೆ ಸರಿಯಾದ ಜಾಗ ಇದೊಂದೇ. ಅಪರೂಪದ ಫ್ಲೆಕ್ಸಿಯಾದರೆ ಮನೆಯಲ್ಲಿ ಒಮ್ಮೆ ನುಡಿಸಿ ಡಬ್ಲ್ಯೂಎವಿ ಆಡಿಯೋ ಫೈಲ್ ಮಾಡಿಟ್ಟು ಅದನ್ನೇ ಹಾಕಿ, ಅದೊಂದಕ್ಕೆ ಯಾರ ಜಾತಿಯೂ ಕೆಡುವುದಿಲ್ಲ.

ಸದ್ದಿನ ಮಟ್ಟ ಪ್ರತಿ ರೆಕಾರ್ಡಿಗೂ ಬೇರೆ. 45ರಲ್ಲಿ ಒಂದೇ ಹಾಡು ಕೊರೆದ ಏಳಿಂಚು ಜೋರಾಗಿರುತ್ತದೆ. ಒಂದು ಬದಿಗೆ 25 ನಿಮಿಷ ತುಂಬಿದ ಎಲ್‌ಪಿ ಮೆತ್ತಗೆ. ಹೆಡ್‌ಫೋನಿನಲ್ಲಿ ಶುರು ಹುಡುಕುವಾಗಲೇ ಹಾಡಿನ ಜೋರಾದ ಭಾಗಕ್ಕೆ ಮುಳ್ಳಿಟ್ಟು ಮೀಟರ್ ನೋಡಿ ಟ್ರಿಮ್ (ಒಳಬರುವ ಸದ್ದಿನ ಮಟ್ಟದ ಗುಂಡಿ) ಸರಿಮಾಡಿ. ಹೊಸಬರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ: ಟ್ರಾನ್ಸ್‌ಮಿಟರಿಗೆ ಹೋಗುವ ಮುನ್ನ ನಿಮ್ಮ ಸದ್ದು ಒಂದು ಪ್ರೊಸೆಸರ್ ಮೂಲಕ ಹಾದುಹೋಗುತ್ತದೆ. ಮೌನ ಕಂಡರೆ ಅದು ಮಟ್ಟವನ್ನು ತಾನಾಗಿ ಎತ್ತುತ್ತದೆ. ಸ್ಟುಡಿಯೋದಲ್ಲಿ ಸಣ್ಣಗೆ ಕೇಳುವ ಚಟಪಟ ರೇಡಿಯೋದಲ್ಲಿ ಎಣ್ಣೆಗೆ ಸಾಸಿವೆ ಬಿದ್ದಂತೆ ಸಿಡಿಯುವುದು ಅದಕ್ಕೇ. ಮುಳ್ಳಿಟ್ಟು ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ತೆರೆದು ಕಾಯಬೇಡಿ. ಸಂಗೀತ ಶುರುವಾಗುವ ಕ್ಷಣಕ್ಕೆ ಫೇಡರ್ ಏರಲಿ, ಮುಗಿದ ಕೂಡಲೇ ಇಳಿಯಲಿ. ಮೊನೊ ರೆಕಾರ್ಡಾದರೆ (ಎರಡೂ ಸ್ಪೀಕರಿಗೆ ಒಂದೇ ಸದ್ದಿನದು) ಮಿಕ್ಸಿಂಗ್ ಬೋರ್ಡಿನ ಮೊನೊ ಗುಂಡಿ ಒತ್ತಿ, ಅರ್ಧ ಗೊರಗೊರ ಅಲ್ಲೇ ಹೋಗುತ್ತದೆ.

ಬದಿಯ ಕೊನೆಯ ಹಾಡು, ಲೇಬಲ್ ಹತ್ತಿರದ್ದು, ಸಹಜವಾಗಿಯೇ ಒಡೆದ ದನಿಯಲ್ಲಿ ಬರುತ್ತದೆ. ಅಲ್ಲಿ ಒಂದು ಸುತ್ತಿನ ಉದ್ದ ಕಡಿಮೆ, ಅಷ್ಟೇ ಮಾಹಿತಿ ಇಕ್ಕಟ್ಟಿನಲ್ಲಿ ಕೂತಿರುತ್ತದೆ. 33ರ ಏಳಿಂಚಿನಲ್ಲಿ ಇದು ಅತಿ. ಆಯ್ಕೆ ಇದ್ದರೆ ಹೊರಗಿನ ಹಾಡು ಹಾಕಿ.

ಕಾನೂನು. ಅಮೆರಿಕದಲ್ಲಿ ಪ್ರಸಾರ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ಪ್ರಕಾರ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಅಶ್ಲೀಲ ಬೈಗುಳ ಗಾಳಿಗೆ ಹೋಗುವಂತಿಲ್ಲ. ರಾತ್ರಿ 10ರ ನಂತರ ಸಡಿಲಿಕೆ ಇದೆ, ಆದರೂ ಎಷ್ಟೋ ಕಾಲೇಜುಗಳು ತಮ್ಮದೇ ನಿಯಮದಿಂದ ಇಡೀ ದಿನ ತಡೆಯುತ್ತವೆ, ಕೇಳಿಕೊಳ್ಳಿ. ಸಾಹಿತ್ಯದ ಹಾಳೆ ಓದಿದರೆ ಸಾಲದು. ಹಾಡಿನಲ್ಲಿರುವುದೆಲ್ಲ ಹಾಳೆಯಲ್ಲಿರುವುದಿಲ್ಲ, ಹಾಡಿನ ಮುಂಚಿನ ಗೊಣಗಾಟವಂತೂ ಇರುವುದೇ ಇಲ್ಲ. ಪೂರ್ತಿ ಕೇಳಿ. ತಪ್ಪಿ ಹೋದರೆ ಫೇಡರ್ ಇಳಿಸಿ, ಮುಂದಿನ ಹಾಡು ಬಿಡಿ, ಸ್ಟೇಷನ್ನಿನ ದಾಖಲೆ ಪುಸ್ತಕದಲ್ಲಿ (ಲಾಗ್) ಬರೆಯಿರಿ. ಮೈಕಿನಲ್ಲಿ ಕ್ಷಮೆ ಕೇಳುತ್ತಾ ಕೂತರೆ ಗಮನಿಸದವರಿಗೂ ನೀವೇ ತೋರಿಸಿಕೊಟ್ಟಂತೆ.

ಸ್ಟೇಷನ್ ಇಂಟರ್ನೆಟ್ಟಿನಲ್ಲೂ ಹೋಗುತ್ತಿದ್ದರೆ 1998ರ ಡಿಎಂಸಿಎ ಎಂಬ ಹಕ್ಕುಸ್ವಾಮ್ಯ ಕಾನೂನಿನ ಮಿತಿಯಿದೆ: ಹೆಚ್ಚೆಂದರೆ ಯಾವುದೇ ಮೂರು ಗಂಟೆಯೊಳಗೆ ಒಂದು ಆಲ್ಬಮ್‌ನಿಂದ ಮೂರು ಹಾಡು, ಸಾಲಾಗಿ ಎರಡು, ಒಬ್ಬ ಕಲಾವಿದರಿಂದ ನಾಲ್ಕು, ಸಾಲಾಗಿ ಮೂರು. ಏಳಿಂಚಿನ ಒಂದು ಬದಿಯ ನಾಲ್ಕು ಹಾಡನ್ನು ಒಂದೇ ಉಸಿರಿಗೆ ಬಿಡುವ ಆಸೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಲೇಲಿಸ್ಟನ್ನು ಆಗಿಂದಾಗ್ಗೆ ಬರೆಯಿರಿ: ಕಲಾವಿದ, ಹಾಡು, ಆಲ್ಬಮ್, ಲೇಬಲ್ (ರೆಕಾರ್ಡ್ ಹೊರತಂದ ಕಂಪನಿ). 48 ಹಾಡನ್ನು ಆಮೇಲೆ ನೆನಪಿಸಿಕೊಳ್ಳುವುದು ಆಗದ ಮಾತು. ಮೂರೋ ನಾಲ್ಕೋ ಹಾಡಿಗೊಮ್ಮೆ ಮೈಕ್ ತೆರೆದು ಹಿಂದಿನವುಗಳ ಹೆಸರು ಹೇಳಿ, ಬ್ಯಾಂಡ್ ಯಾವ ಊರಿನದು, ಯಾವ ಲೇಬಲ್ ಎನ್ನುವುದೂ ಬರಲಿ. ಕೇಳುಗರು ಹುಡುಕಿ ಕೊಳ್ಳುವುದು ಅದರಿಂದಲೇ.

ಈಗ ಕೊಳ್ಳುವುದು. ರೇಡಿಯೋಗೆ ಕೊಳ್ಳುವವರು ಮೊದಲ ಮುದ್ರಣದ ಹುಚ್ಚು ಬಿಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಇಂಗ್ಲೆಂಡಿನ ಬಝ್‌ಕಾಕ್ಸ್ ಬ್ಯಾಂಡಿನ 'ಸ್ಪೈರಲ್ ಸ್ಕ್ರ್ಯಾಚ್' ಏಳಿಂಚು 1977ರಲ್ಲಿ ಅವರದೇ ನ್ಯೂ ಹಾರ್ಮೋನ್ಸ್ ಲೇಬಲ್ಲಿನಲ್ಲಿ ಬಂತು, ಯಾವ ಹಾಡು ಎಷ್ಟನೇ ಟೇಕ್ (ರೆಕಾರ್ಡಿಂಗ್ ಯತ್ನ) ಎಂದು ಕವರಿನಲ್ಲೇ ಬರೆದಿದ್ದರು. 1979ರ ಮರುಮುದ್ರಣದ ಮುಖಪುಟದಲ್ಲಿ ಗಾಯಕ ಹೋವರ್ಡ್ ಡಿವೋಟೋ ಹೆಸರು ಸೇರಿದೆ, ಗುರುತಿಸುವುದು ಸುಲಭ. ಹಾಡುಗಳು ಅವೇ ನಾಲ್ಕು. ವಾಷಿಂಗ್ಟನ್‌ನ ಡಿಸ್ಕಾರ್ಡ್ ಲೇಬಲ್ 1980ರಲ್ಲಿ ಟೀನ್ ಐಡಲ್ಸ್ ಬ್ಯಾಂಡಿನ ಏಳಿಂಚಿನಿಂದ ಶುರುವಾಯಿತು, ಮೊದಲ ಮುದ್ರಣ 1,000. ಮೈನರ್ ಥ್ರೆಟ್ ಬ್ಯಾಂಡಿನ ಮೊದಲ ಎರಡು ಏಳಿಂಚುಗಳನ್ನು ಅದೇ ಲೇಬಲ್ 1984ರಲ್ಲಿ ಒಂದು ಹನ್ನೆರಡಿಂಚಿಗೆ ಸೇರಿಸಿತು. ನಿಮಗೆ ಬೇಕಾದದ್ದು ಅದು. ನಿರ್ವಾಣ ಬ್ಯಾಂಡಿನ ಮೊದಲ ಸಿಂಗಲ್, ಸಬ್ ಪಾಪ್ ಲೇಬಲ್ 1988ರಲ್ಲಿ ಕೈಯಲ್ಲಿ ನಂಬರು ಬರೆದು ತಂದ 1,000 ಪ್ರತಿಯದ್ದು, ಸ್ಟುಡಿಯೋಗೆ ತರುವ ವಸ್ತುವೇ ಅಲ್ಲ. ಆ ದುಡ್ಡಿಗೆ ಈ ತಿಂಗಳು ನಿಮ್ಮ ಊರಿಗೆ ಬರುವ ಬ್ಯಾಂಡುಗಳ ಮಾರಾಟದ ಮೇಜಿನಿಂದ ಏಳಿಂಚುಗಳನ್ನು ರಾಶಿ ರಾಶಿ ತರಬಹುದು, ಅವನ್ನು ಬೇರೆ ಯಾವ ಸ್ಟೇಷನ್ನೂ ಹಾಕುತ್ತಿರುವುದಿಲ್ಲ.

ಸೆಕೆಂಡ್‌ಹ್ಯಾಂಡಿನಲ್ಲಿ ರೆಕಾರ್ಡಿನ ಸ್ಥಿತಿ ಹೇಳುವ ಗೋಲ್ಡ್‌ಮೈನ್ ಪತ್ರಿಕೆಯ ದರ್ಜೆಗಳಲ್ಲಿ ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ಸಾಕು. ಬರೀ ವಿಜಿಯಲ್ಲಿ ಚಟಪಟ ಇರುತ್ತದೆ, ಪಂಕ್ ಅದನ್ನು ಸಹಿಸುತ್ತದೆ, ಮೆಲುದನಿಯ ಇಂಡೀ ಸಹಿಸುವುದಿಲ್ಲ. ಜಿ ಎಂದರೆ ಹೆಸರಿಗೆ 'ಗುಡ್', ನಿಜದಲ್ಲಿ ಸವೆದ ಮಾಲು. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ: ಉಗುರಿಗೆ ತಾಗದ ಗೀರು ಹೆಚ್ಚಾಗಿ ಕೇಳುವುದಿಲ್ಲ, ತಾಗುವುದು ಟಕ್ ಟಕ್ ಎನ್ನುತ್ತದೆ. ಗ್ರೂವ್‌ಗೆ ಅಡ್ಡ ಇರುವುದಕ್ಕಿಂತ ಗ್ರೂವ್‌ನ ಜೊತೆಗೇ ಓಡುವ ಗೀರು ಅಪಾಯ, ಮುಳ್ಳು ಅಲ್ಲೇ ಸಿಕ್ಕಿ ಅದದೇ ಸುತ್ತು ಹೊಡೆಯುತ್ತದೆ. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೆತ್ತಿದ ಅಕ್ಷರಗಳನ್ನು ಓದಿ ಡಿಸ್ಕಾಗ್ಸ್‌ಗೆ ತಾಳೆ ನೋಡಿದರೆ ಯಾವ ಮುದ್ರಣವೆಂದು ತಿಳಿಯುತ್ತದೆ. ಬ್ರಿಟಿಷ್ ರೆಕಾರ್ಡಿನಲ್ಲಿ 'ಎ ಪೋರ್ಕಿ ಪ್ರೈಮ್ ಕಟ್' ಎಂದಿದ್ದರೆ ಅದು ಮಾಸ್ಟರ್ ಕೊರೆಯುವ ಎಂಜಿನಿಯರ್ ಜಾರ್ಜ್ ಪೆಕ್‌ಹ್ಯಾಮ್ ಕೊರೆದದ್ದು, ಗಾಳಿಯಲ್ಲಿ ಜೋರಾಗಿ ನಿಲ್ಲುತ್ತದೆ. ಅಂಚೆಯಲ್ಲಿ ತರಿಸುವಾಗ ರೆಕಾರ್ಡನ್ನು ಕವರಿನಿಂದ ಹೊರಗಿಟ್ಟು ಕಳಿಸಲು ಮಾರುವವರಿಗೆ ಹೇಳಿ, ಇಲ್ಲದಿದ್ದರೆ ಕವರಿನ ಅಂಚು ಸೀಳುತ್ತದೆ. ಅಮೆರಿಕದೊಳಗೆ ಮೀಡಿಯಾ ಮೇಲ್ (ಪುಸ್ತಕ, ರೆಕಾರ್ಡುಗಳಿಗಿರುವ ಅಂಚೆ ದರ) ಅಗ್ಗ.

ತೊಳೆಯಲು ನಾಲ್ಕು ಪಾಲು ಡಿಸ್ಟಿಲ್ಡ್ ನೀರು, ಒಂದು ಪಾಲು ಐಸೊಪ್ರೊಪಿಲ್ ಆಲ್ಕೋಹಾಲ್, ವಾಸನೆಯಿಲ್ಲದ ಸೋಪು ಎರಡು ಹನಿ. ಗ್ರೂವ್‌ನ ದಿಕ್ಕಿನಲ್ಲೇ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ ತೊಳೆಯಿರಿ, ಲೇಬಲ್ ಒದ್ದೆಯಾಗದಿರಲಿ. ಅಜ್ಜನ ಕಾಲದ 78ರ ಪ್ಲೇಟುಗಳಿಗೆ ಮಾತ್ರ ಆಲ್ಕೋಹಾಲ್ ತಾಗಿಸಬೇಡಿ, ಅರಗು ಕರಗುತ್ತದೆ. ನೆಟ್ಟಗೆ ನಿಲ್ಲಿಸಿ ಇಡಿ, ಒರಗಿಸಿದರೆ ಬಾಗುತ್ತವೆ. ಎಲ್‌ಪಿ ತುಂಬಿದ ಒಂದು ಮೀಟರ್ ಕಪಾಟು 50 ಕಿಲೋಗೂ ಹೆಚ್ಚು ತೂಗಬಹುದು, ಹಲಗೆ ನೋಡಿ ಆರಿಸಿ.

ಓದು ಮುಗಿಸಿ ಊರಿಗೆ ತರುವ ಯೋಚನೆಯಿದ್ದರೆ: ಕವರ್ ಸೇರಿ ಏಳಿಂಚು 60 ಗ್ರಾಂ ಆಸುಪಾಸು, ಐವತ್ತು ಸೇರಿದರೆ 3 ಕಿಲೋ, ಕೈಚೀಲದಲ್ಲಿ ಬರುತ್ತವೆ. ಎಲ್‌ಪಿಯನ್ನು ಚೆಕ್‌ಇನ್ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ನಿಲ್ಲಿಸಿ ತನ್ನಿ. ಮಂಗಳೂರು, ಉಡುಪಿ ಕಡೆಯವರಾದರೆ ಮಳೆಗಾಲದ ಬೂಷ್ಟು ಕವರನ್ನೂ ಗ್ರೂವನ್ನೂ ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತಿಂಗಳಿಗೊಮ್ಮೆ ಗಾಳಿಗೆ ತೆಗೆಯಿರಿ. ಮೃದುವಾದ ಪಿವಿಸಿ ಕವರುಗಳನ್ನು ಮೊದಲೇ ಎಸೆದು ಪಾಲಿಥೀನಿನದು ಹಾಕಿ, ಸೆಕೆಗೆ ಪಿವಿಸಿಯಿಂದ ಎಣ್ಣೆಯಂಥದು ಬಿಟ್ಟು ರೆಕಾರ್ಡಿನ ಮೇಲೆ ಹೊಗೆಯಂಥ ಕಲೆ ಕೂರುತ್ತದೆ. ಅದು ಯಾವ ದ್ರಾವಣಕ್ಕೂ ಹೋಗುವುದಿಲ್ಲ.