ಹಳೇ ಟೈಮ್‌ಶೇರ್ ಯಾವಾಗ ಕೊಳ್ಳೋದು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಸಣ್ಣ ಅಡಿಕೆ ತೋಟ. ಶಿವಮೊಗ್ಗದಲ್ಲಿರುವ ಭಾವನ ಸ್ನೇಹಿತರೊಬ್ಬರು ತಮ್ಮ ಟೈಮ್‌ಶೇರ್ (ವರ್ಷಕ್ಕಿಷ್ಟು ರಾತ್ರಿ ರೆಸಾರ್ಟ್‌ನಲ್ಲಿ ಉಳಿಯುವ ಮೆಂಬರ್‌ಶಿಪ್) ಮಾರುತ್ತಿದ್ದಾರೆ. 25 ವರ್ಷದ್ದು, 11 ವರ್ಷ ಬಾಕಿ ಇದೆ, ವರ್ಷಕ್ಕೆ 7 ರಾತ್ರಿ. ಒಂದೂವರೆ ಲಕ್ಷ ಕೇಳುತ್ತಾರೆ. ವಾರ್ಷಿಕ ಶುಲ್ಕ ಜಿಎಸ್‌ಟಿ ಸೇರಿ 22,000 ರೂಪಾಯಿ. ಈಗಲೇ ತಗೊಳ್ಳಲಾ, ಅಡಿಕೆ ದುಡ್ಡು ಬಂದ ಮೇಲಾ? ಮಗಳು ಒಂಬತ್ತನೇ ಕ್ಲಾಸು, ಮಗ ಏಳನೇದು.

ಉತ್ತರ: ಈಗ ಬೇಡ. ಅಡಿಕೆ ದುಡ್ಡು ಬಂದ ತಕ್ಷಣವೂ ಬೇಡ.

ಮೊದಲು ಲೆಕ್ಕ ನೋಡಿ. ಒಂದೂವರೆ ಲಕ್ಷವನ್ನು 11 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 13,600. ಅದಕ್ಕೆ ಶುಲ್ಕದ 22,000 ಸೇರಿಸಿ, 7ರಿಂದ ಭಾಗಿಸಿದರೆ ರಾತ್ರಿಗೆ ಐದು ಸಾವಿರದ ಮೇಲಾಯಿತು. ಅದೂ ಪ್ರತಿ ವರ್ಷ ಏಳಕ್ಕೆ ಏಳೂ ರಾತ್ರಿ ಬಳಸಿದರೆ ಮಾತ್ರ. ಮೂರೇ ರಾತ್ರಿ ಹೋದಿರೋ, ರಾತ್ರಿಗೆ ಹನ್ನೆರಡು ಸಾವಿರ ಹತ್ತಿರ! ಊಟ ಬೇರೆ, ಟ್ರಾನ್ಸ್‌ಫರ್ ಫೀ ಬೇರೆ, ಮುಂದೆ ಶುಲ್ಕ ಏರುವುದು ಬೇರೆ. ಮಡಿಕೇರಿಯ ಒಳ್ಳೇ ಹೋಟೆಲಿಗೆ ಫೋನ್ ಮಾಡಿ ರೇಟ್ ಕೇಳಿ, ಪಕ್ಕದಲ್ಲಿಟ್ಟು ನೋಡಿ.

ನೀವು ಹೋಗುವುದಾದರೂ ಯಾವಾಗ? ದೀಪಾವಳಿ ಕಳೆದರೆ ಅಡಿಕೆಗೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಅಂಗಳದ ತುಂಬ ಅಡಿಕೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು, ಮಕ್ಕಳಿಗೂ ಶಾಲೆ ಇರುತ್ತದೆ. ಉಳಿಯುವುದು ಏಪ್ರಿಲ್, ಮೇ. ಅದೇ ಎಲ್ಲರೂ ಬಯಸುವ ಸೀಸನ್ನು. ಕ್ಲಬ್ ಮಹೀಂದ್ರಾದಲ್ಲಿ ಪರ್ಪಲ್, ರೆಡ್, ವೈಟ್, ಬ್ಲೂ ಅಂತ ಸೀಸನ್ನಿಗೊಂದು ಬಣ್ಣ ಇದೆಯಲ್ಲ, ಅದರಲ್ಲಿ ಪರ್ಪಲ್‌ಗೇ ಬೆಲೆ ಜಾಸ್ತಿ. ಬೇರೆ ಕಂಪನಿಗಳಲ್ಲೂ ಇಂಥದ್ದೇ ಏನಾದರೊಂದು ವಿಂಗಡಣೆ ಇರುತ್ತದೆ. ಭಾವನ ಸ್ನೇಹಿತರದ್ದು ಕೆಳಗಿನ ಸೀಸನ್ನಿನ ಮೆಂಬರ್‌ಶಿಪ್ ಆಗಿದ್ದರೆ ಬೇಸಿಗೆ ರಜೆಯಲ್ಲಿ ನಿಮಗೆ ಅದು ಉಪಯೋಗಕ್ಕೇ ಬಾರದೆ ಹೋಗಬಹುದು, ಬಂದರೂ ರೂಮ್ ಸಿಗಲು ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು.

ಅಷ್ಟೇ ಅಲ್ಲ, ಮಗಳಿಗೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ಸಿಇಟಿ, ಅದು ಮುಗಿಯುವಷ್ಟರಲ್ಲಿ ಮಗನ ಸರದಿ. ಆ ಐದಾರು ವರ್ಷ ನಿಮ್ಮ ಮನೆಯಲ್ಲಿ ಯಾರೂ ಬ್ಯಾಗ್ ಕಟ್ಟುವುದಿಲ್ಲ ಬಿಡಿ. ಶುಲ್ಕದ ಬಿಲ್ ಮಾತ್ರ ತಪ್ಪದೆ ಬರುತ್ತದೆ.

ಹಾಗಾಗಿ ಸದ್ಯಕ್ಕೆ ಒಂದು ಕೆಲಸ ಮಾಡಿ. ಈ ಬೇಸಿಗೆಗೆ ಮಾರುವವರ ರಾತ್ರಿಗಳಲ್ಲಿ ಮೂರನ್ನು ನಿಮಗೆ ಕೊಡಲಾಗುತ್ತದಾ ಕೇಳಿ, ಅತಿಥಿಗಳಿಗೆ ಕಂಪನಿ ಒಪ್ಪಿದರೆ ದುಡ್ಡು ಕೊಟ್ಟೇ ಹೋಗಿ ಬನ್ನಿ. ಬಾಕಿ ವರ್ಷ ಕಡಿಮೆಯಾದಂತೆ ಬೆಲೆ ಇಳಿಯಲೇಬೇಕು, ಕಾಯುವುದರಿಂದ ನಿಮಗೇನೂ ನಷ್ಟವಿಲ್ಲ.

ಮುಂದೆ ಕೊಳ್ಳುವ ಮನಸ್ಸಾದರೆ, ಮಾರುವವರಿಗೆ ಶುಲ್ಕದ ಬಿಲ್ ಬರುವ ತಿಂಗಳು ತಿಳಿದುಕೊಂಡು ಅದಕ್ಕೆ ಸ್ವಲ್ಪ ಮುಂಚೆ ಮಾತಿಗೆ ಕೂರಿ. ಬಳಸದ ವಸ್ತುವಿಗೆ ಇನ್ನೊಂದು ವರ್ಷ ದುಡ್ಡು ಕಟ್ಟಬೇಕಲ್ಲ ಅನ್ನುವ ಸಂಕಟದಲ್ಲಿ ಇರುವಾಗಲೇ ಬೆಲೆ ಸಡಿಲುವುದು. ಆ ಬಿಲ್ ಯಾರು ಕಟ್ಟಬೇಕು ಅನ್ನುವುದನ್ನು ಕರಾರಿನಲ್ಲಿ ಬರೆಸಿ. ಹಳೇ ಬಾಕಿ ಇದೆಯಾ, ಕೂಡಿಟ್ಟ ರಾತ್ರಿಗಳು ನಿಮಗೆ ಬರುತ್ತವಾ, ಟ್ರಾನ್ಸ್‌ಫರ್ ಫೀ ಎಷ್ಟು, ಇವಕ್ಕೆಲ್ಲ ಕಂಪನಿಯಿಂದ ಇಮೇಲ್‌ನಲ್ಲಿ ಉತ್ತರ ತರಿಸಿ. ಭಾವನ ಸ್ನೇಹಿತರ ಬಾಯಿಮಾತು ಇಲ್ಲಿ ಸಾಲದು. ಇಂಥ ಮೆಂಬರ್‌ಶಿಪ್‌ನಲ್ಲಿ ಸಿಗುವುದು ಉಳಿಯುವ ಹಕ್ಕು ಮಾತ್ರ, ಆಸ್ತಿಯಲ್ಲಿ ಪಾಲಲ್ಲ. ಅವಧಿ ಮುಗಿದ ಮೇಲೆ ಕೈಗೆ ಏನೂ ಬರುವುದಿಲ್ಲ.

ಪ್ರಶ್ನೆ: ನನ್ನ ಟೈಮ್‌ಶೇರ್‌ಗೆ ಮುಂಬೈ ಗಿರಾಕಿ ಸಿಕ್ಕಿದ್ದಾರಂತೆ, ಫೈಲ್ ಚಾರ್ಜ್ ಅಂತ 18,000 ಮೊದಲು ಕಳಿಸಿ ಅಂತ ಫೋನ್ ಬರುತ್ತಿದೆ. ಕಳಿಸಲಾ? — ಸಾಗರದ ಓದುಗರು

ಉತ್ತರ: ಒಂದು ರೂಪಾಯಿಯೂ ಕಳಿಸಬೇಡಿ. ನಿಜವಾದ ಗಿರಾಕಿಯಾದರೆ ಆ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಲಿ ಅನ್ನಿ, ಆಮೇಲೆ ಫೋನೇ ಬರಲಿಕ್ಕಿಲ್ಲ. ಈಗಾಗಲೇ ಕಳಿಸಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ.