ಲಾಗಿನ್ ಆದರೂ ಮುಂದಿನ ಪುಟ ಗುರುತು ಹಿಡಿಯಲ್ಲ!

ಪ್ರಶ್ನೆ: ನಮ್ಮೂರ ಹಾಲಿನ ಸೊಸೈಟಿಗೆ ಪಿಎಚ್‌ಪಿಯಲ್ಲಿ ಕನ್ನಡ ವೆಬ್‌ಸೈಟ್ ಮಾಡಿದ್ದೇನೆ. ಲಾಗಿನ್ ಆದ ತಕ್ಷಣ ‘ನಮಸ್ಕಾರ’ ಅಂತ ಹೆಸರು ಬರುತ್ತದೆ. ಮುಂದಿನ ಪುಟಕ್ಕೆ ಹೋದರೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಲಾಗಿನ್ ಆದವರನ್ನು ಪುಟದಿಂದ ಪುಟಕ್ಕೆ ನೆನಪಿಡುವ ಸೆಷನ್_ಸ್ಟಾರ್ಟ್ ಆಜ್ಞೆ ಎರಡೂ ಪುಟಗಳ ಮೊದಲ ಸಾಲಲ್ಲೇ ಇದೆ. ಆಫೀಸಿನ ಹಳೆ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಕನ್ನಡ ಅಕ್ಷರ ತಿದ್ದಿದ್ದೆ, ಅಷ್ಟೇ. ಸೈಟ್ ಪರೀಕ್ಷಿಸಲು ಮನೆಯ ಕಂಪ್ಯೂಟರಿಗೆ ಹಾಕಿಕೊಂಡ ಕ್ಸಾಂಪ್‌ನಲ್ಲಿ ಈಗಲೂ ಸರಿಯಾಗಿದೆ. ಸರ್ವರ್‌ನಲ್ಲಿ ಮಾತ್ರ ಯಾಕೆ ಹೀಗೆ?

ಉತ್ತರ: ನೀವು ‘ಅಷ್ಟೇ’ ಅಂದಿರಲ್ಲ, ಕಳ್ಳ ಅಲ್ಲೇ ಕೂತಿರುವ ಹಾಗಿದೆ. ಇದೇ ಕಳ್ಳನ ಹಿಂದೆ ನಾನೂ ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳಾಗಬಾರದು ಅಂತ ನಾವು ಯುಟಿಎಫ್-8 ಆರಿಸಿ ಸೇವ್ ಮಾಡುತ್ತೇವೆ, ಅಲ್ವಾ? 2019ಕ್ಕೆ ಮುಂಚಿನ ವಿಂಡೋಸ್ ನೋಟ್‌ಪ್ಯಾಡ್ ಆಗ ಫೈಲಿನ ತಲೆಯಲ್ಲಿ ಸದ್ದಿಲ್ಲದೆ ಮೂರು ಬೈಟ್ ಸೇರಿಸುತ್ತದೆ. ಇದಕ್ಕೆ ಬಾಮ್ ಅಂತ ಹೆಸರು. ಎಷ್ಟು ನೋಡಿದರೂ ಕಣ್ಣಿಗೆ ಬೀಳುವುದಿಲ್ಲ. ಆದರೆ ಪಿಎಚ್‌ಪಿಗೆ ಅದೂ ಬ್ರೌಸರಿಗೆ ಕಳಿಸಬೇಕಾದ ಅಕ್ಷರವೇ. ಅದು ಹೊರಟಿತೆಂದರೆ ಹೆಡರ್‌ಗಳು, ಅಂದರೆ ಪುಟಕ್ಕಿಂತ ಮುಂಚೆ ಬ್ರೌಸರಿಗೆ ಹೋಗುವ ಮಾಹಿತಿ, ಮೊದಲೇ ಹೋಗಿಬಿಟ್ಟವು ಅಂತ ಲೆಕ್ಕ. ನಿಮ್ಮನ್ನು ಗುರುತಿಸಲು ಬ್ರೌಸರ್ ಇಟ್ಟುಕೊಳ್ಳುವ ಚೀಟಿಯಾದ ಕುಕಿ ಹೋಗುವುದು ಹೆಡರ್‌ನಲ್ಲೇ. ಹಾಗಾಗಿ ಸೆಷನ್ ಶುರುವೇ ಆಗುವುದಿಲ್ಲ. ಹೆಸರು ಆ ಒಂದು ಪುಟದ ಮಟ್ಟಿಗೆ ನೆನಪಿದ್ದು ಅಲ್ಲೇ ಮಾಯ.

ಮನೆಯಲ್ಲಿ ನಡೆಯುವುದಕ್ಕೂ ಕಾರಣ ಇದೆ. ಕ್ಸಾಂಪ್‌ನ ಸೆಟ್ಟಿಂಗ್ ಫೈಲಾದ ಪಿಎಚ್‌ಪಿ.ಐಎನ್‌ಐನಲ್ಲಿ ಔಟ್‌ಪುಟ್ ಬಫರಿಂಗ್ (ಕಳಿಸುವ ಮುಂಚೆ ಕೂಡಿಟ್ಟುಕೊಳ್ಳುವುದು) ಸಾಮಾನ್ಯವಾಗಿ 4096 ಇರುತ್ತದೆ. ಅಷ್ಟು ಬೈಟ್ ತುಂಬುವವರೆಗೆ ಏನೂ ಹೊರಗೆ ಹೋಗುವುದಿಲ್ಲ, ತಪ್ಪು ಮುಚ್ಚಿಹೋಗುತ್ತದೆ. ನಿಮ್ಮ ಸರ್ವರ್‌ನಲ್ಲಿ ಅದು ಆಫ್ ಇರಬೇಕು. ಎಚ್ಚರಿಕೆಯ ಸಂದೇಶ ತೋರಿಸುವುದೂ ಆಫ್ ಇದ್ದರೆ ಸುಮ್ನೆ ತಲೆ ಕೆರೆದುಕೊಳ್ಳಬೇಕಷ್ಟೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ಕ್ರೋಮ್‌ನಲ್ಲಿ ಎಫ್12 ಒತ್ತಿ, ಅಪ್ಲಿಕೇಶನ್ ಟ್ಯಾಬ್‌ನಲ್ಲಿ ಕುಕೀಸ್ ನೋಡಿ. ಪಿಎಚ್‌ಪಿಸೆಸ್‌ಐಡಿ (ಸೆಷನ್‌ನ ಕುಕಿ) ಅನ್ನುವ ಸಾಲೇ ಇಲ್ಲವೆಂದರೆ ನನ್ನ ಅನುಮಾನ ನಿಜ. ಫೈಲನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆಯಿರಿ. ಕೆಳಗೆ ಬಲಗಡೆ ‘ಯುಟಿಎಫ್-8-ಬಾಮ್’ ಅಂತ ಕಾಣುತ್ತದೆ. ಎನ್‌ಕೋಡಿಂಗ್ ಮೆನುವಿನಲ್ಲಿ ಬರೀ ಯುಟಿಎಫ್-8ಕ್ಕೆ ಬದಲಿಸಿ ಸೇವ್ ಮಾಡಿ. ನಿಮ್ಮ ಕನ್ನಡಕ್ಕೆ ಏನೂ ಆಗುವುದಿಲ್ಲ. ಪುಟದೊಳಗೆ ಇನ್‌ಕ್ಲೂಡ್ ಮಾಡಿ ಸೇರಿಸಿಕೊಂಡ ಬೇರೆ ಫೈಲುಗಳನ್ನೂ ಬಿಡಬೇಡಿ, ನನಗೆ ಕಾಟ ಕೊಟ್ಟಿದ್ದು ಡೇಟಾಬೇಸ್ ಪಾಸ್‌ವರ್ಡ್ ಇದ್ದ ನಾಲ್ಕು ಸಾಲಿನ ಫೈಲು! ಅಂಥ ಫೈಲುಗಳ ಕೊನೆಯ ?> (ಪಿಎಚ್‌ಪಿ ಮುಗಿಯಿತು ಅನ್ನುವ ಗುರುತು) ಅಳಿಸಿಬಿಡಿ. ಅದರ ಕೆಳಗೆ ಉಳಿದ ಖಾಲಿ ಸಾಲೂ ಇದೇ ಕಿತಾಪತಿ ಮಾಡುತ್ತದೆ.

ಕುಕಿ ಇದ್ದೂ ಹೀಗಾದರೆ ವಿಳಾಸ ನೋಡಿ. ಒಂದು ಪುಟ ಡಬ್ಲ್ಯುಡಬ್ಲ್ಯುಡಬ್ಲ್ಯು ಜೊತೆ, ಇನ್ನೊಂದು ಅದಿಲ್ಲದೆ ತೆರೆದರೆ ಒಂದರ ಕುಕಿ ಇನ್ನೊಂದಕ್ಕೆ ಸಿಗುವುದಿಲ್ಲ.