ಆಸ್ಕರ್ ಯಾರಿಗೆ? ಟ್ರೋಫಿ ಎಣಿಸುವ ಮೊದಲು ವೋಟು ಹಾಕುವವರನ್ನು ನೋಡಿ

ಆಸ್ಕರ್ ನಾಮಿನೇಷನ್ ಪಟ್ಟಿ ಹೊರಬಿದ್ದ ಕೂಡಲೇ ಯಾರು ಗೆಲ್ಲುತ್ತಾರೆ ಅನ್ನುವ ಲೆಕ್ಕಾಚಾರ ಶುರುವಾಗುತ್ತದೆ. ಸುದ್ದಿಯೆಲ್ಲ ಓದಿದರೂ ಊಹೆ ಯಾಕೆ ಕೈಕೊಡುತ್ತದೆ ಅಂತ ತುಂಬಾ ಜನ ಕೇಳಿದ್ದೀರಿ. ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಗೋಲ್ಡನ್ ಗ್ಲೋಬ್ ಗೆದ್ದವರನ್ನೇ ನೋಡಿ ಆಸ್ಕರ್ ಪಟ್ಟಿ ಬರೆಯುತ್ತೇನೆ. ಗೆಳೆಯರ ಜೊತೆಗಿನ ಪಂದ್ಯದಲ್ಲಿ ಪ್ರತಿಸಲ ಸೋಲುವುದು ನಾನೇ. ಆಸ್ಕರ್‌ಗೆ ಮುಂಚೆ ಬರುವ ಇಷ್ಟೊಂದು ಪ್ರಶಸ್ತಿಗಳಲ್ಲಿ ಯಾವುದನ್ನು ನಂಬಬೇಕು?

ಯಾವುದೇ ಪ್ರಶಸ್ತಿಯ ಸುದ್ದಿ ಬಂದಾಗ ಮೊದಲು ಒಂದು ವಿಷಯ ನೋಡಿ. ಇದಕ್ಕೆ ವೋಟು ಹಾಕಿದವರಲ್ಲಿ ಆಸ್ಕರ್‌ಗೂ ವೋಟು ಹಾಕುವವರು ಇದ್ದಾರಾ? ಗೋಲ್ಡನ್ ಗ್ಲೋಬ್ ಕೊಡುವವರು ಪತ್ರಕರ್ತರು. ಕ್ರಿಟಿಕ್ಸ್ ಚಾಯ್ಸ್ ಕೊಡುವವರೂ ವಿಮರ್ಶಕರು, ಪತ್ರಕರ್ತರು. ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಇರುವವರು ಸಿನಿಮಾ ಮಾಡುವ ಮಂದಿ: ನಟರು, ನಿರ್ದೇಶಕರು, ಸಂಕಲನಕಾರರು, ಧ್ವನಿ ವಿನ್ಯಾಸಕರು, ವಸ್ತ್ರ ವಿನ್ಯಾಸಕರು. ಹೀಗಾಗಿ ಗ್ಲೋಬ್ ಗೆದ್ದರೆ ಹೆಸರು ಓಡಾಡುತ್ತದೆ, ಮತದಾರರು ಆ ಸಿನಿಮಾ ನೋಡುತ್ತಾರೆ. ಅದರಿಂದ ಮತದಾರರ ಮನಸ್ಸು ಗೊತ್ತಾಗುವುದಿಲ್ಲ.

ಮನಸ್ಸು ಗೊತ್ತಾಗುವುದು ಗಿಲ್ಡ್ ಪ್ರಶಸ್ತಿಗಳಿಂದ. ಗಿಲ್ಡ್ ಅಂದರೆ ಒಂದೇ ಕಸುಬಿನವರ ಸಂಘ. ನಿರ್ದೇಶಕರ ಗಿಲ್ಡ್, ನಿರ್ಮಾಪಕರ ಗಿಲ್ಡ್, ನಟರ ಗಿಲ್ಡ್, ಬರಹಗಾರರ ಗಿಲ್ಡ್. ಇವುಗಳಲ್ಲಿ ವೋಟು ಹಾಕುವ ಕೆಲವರು ಅಕಾಡೆಮಿಯಲ್ಲೂ ಸದಸ್ಯರು. ನಿರ್ದೇಶಕರ ಗಿಲ್ಡ್ 1948ರಿಂದ ಪ್ರಶಸ್ತಿ ಕೊಡುತ್ತಿದೆ. ಅಲ್ಲಿಂದ 2025ರ ಸಮಾರಂಭದವರೆಗೆ ಗಿಲ್ಡ್ ಗೆದ್ದ ನಿರ್ದೇಶಕರಿಗೆ ಆಸ್ಕರ್ ಸಿಗದೇ ಹೋಗಿದ್ದು 8 ಸಲ ಮಾತ್ರ. ಕೊನೆಯ ಸಲ ಹಾಗಾಗಿದ್ದು 2020ರಲ್ಲಿ. ಗಿಲ್ಡ್ ಪ್ರಶಸ್ತಿ ಸ್ಯಾಮ್ ಮೆಂಡಿಸ್‌ಗೆ ಬಂತು, ಆಸ್ಕರ್ ಬಾಂಗ್ ಜೂನ್ ಹೋ ಪಾಲಾಯಿತು. ಇಷ್ಟು ಗಟ್ಟಿ ಸುಳಿವು ಬೇರೆ ಯಾವ ವಿಭಾಗದಲ್ಲೂ ಸಿಗಲ್ಲ.

2025ರ ಋತುವನ್ನೇ ನೋಡಿ. ಜನವರಿ 5ರಂದು ಗೋಲ್ಡನ್ ಗ್ಲೋಬ್. ಡ್ರಾಮಾ ವಿಭಾಗದಲ್ಲಿ ‘ದಿ ಬ್ರೂಟಲಿಸ್ಟ್’ ಗೆದ್ದಿತು, ಮ್ಯೂಸಿಕಲ್-ಕಾಮಿಡಿಯಲ್ಲಿ ‘ಎಮಿಲಿಯಾ ಪೆರೆಜ್’. ‘ಅನೋರಾ’ ಬರಿಗೈಯಲ್ಲಿ ಎದ್ದು ಹೋಯಿತು. ಆ ರಾತ್ರಿ ಪಟ್ಟಿ ಬರೆದವರು ‘ಅನೋರಾ’ವನ್ನು ಕೈಬಿಟ್ಟಿರುತ್ತಾರೆ. ಆಮೇಲೆ ಫೆಬ್ರವರಿ 7ಕ್ಕೆ ಕ್ರಿಟಿಕ್ಸ್ ಚಾಯ್ಸ್‌ನ ಅತ್ಯುತ್ತಮ ಚಿತ್ರ ಪ್ರಶಸ್ತಿ ಅದಕ್ಕೇ ಬಂತು. ಮರುದಿನವೇ ನಿರ್ದೇಶಕರ ಗಿಲ್ಡ್, ನಿರ್ಮಾಪಕರ ಗಿಲ್ಡ್ ಎರಡೂ ಬಂದವು. ಒಂದು ವಾರದಲ್ಲಿ ಬರಹಗಾರರ ಗಿಲ್ಡ್ ಕೂಡ. ಆಸ್ಕರ್‌ನ ಅಂತಿಮ ಮತದಾನ ನಡೆದಿದ್ದು ಫೆಬ್ರವರಿ 11ರಿಂದ 18ರವರೆಗೆ, ಅಂದರೆ ಸರಿಯಾಗಿ ಈ ಗಾಳಿ ಬೀಸುತ್ತಿದ್ದಾಗ. ನಟರ ಗಿಲ್ಡ್‌ನ ತಾರಾಬಳಗದ ಪ್ರಶಸ್ತಿ ‘ಕಾನ್‌ಕ್ಲೇವ್’ಗೆ ಹೋಯಿತು. ‘ಇನ್ನು ಕಾನ್‌ಕ್ಲೇವ್‌ನದ್ದೇ ಕಾಲ’ ಅಂತ ಸದ್ದೂ ಆಯಿತು. ಆದರೆ ಅದು ಫೆಬ್ರವರಿ 23. ಮತಪೆಟ್ಟಿಗೆ ಮುಚ್ಚಿ ಐದು ದಿನವಾಗಿತ್ತು. ಮಾರ್ಚ್ 2ರಂದು ‘ಅನೋರಾ’ 6 ನಾಮಿನೇಷನ್‌ಗಳಲ್ಲಿ 5 ಆಸ್ಕರ್ ಗೆದ್ದಿತು, ಅತ್ಯುತ್ತಮ ಚಿತ್ರವೂ ಸೇರಿ.

ಹಾಗಾಗಿ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಳ್ಳಿ. ಮತದಾನ ಮುಗಿದ ಮೇಲೆ ಬಂದ ಪ್ರಶಸ್ತಿ ಯಾರ ವೋಟನ್ನೂ ಬದಲಿಸಲ್ಲ. ಸಿನಿಮಾ ಮಂದಿಗೆ ಏನು ಇಷ್ಟವಾಗಿದೆ ಅನ್ನುವ ಸುಳಿವು ಅದರಲ್ಲಿ ಇರಬಹುದು, ಅಷ್ಟೇ.

ಪ್ರಶ್ನೆ: ಅತ್ಯುತ್ತಮ ಚಿತ್ರಕ್ಕೆ ಮತ ಎಣಿಸುವ ರೀತಿಯೇ ಬೇರೆ ಅಂತ ಓದಿದೆ. ಜಾಸ್ತಿ ವೋಟು ಬಿದ್ದ ಸಿನಿಮಾ ಗೆಲ್ಲುವುದಿಲ್ವಾ?

ಉಳಿದ ವಿಭಾಗಗಳಲ್ಲಿ ಗೆಲ್ಲುತ್ತದೆ. ನಟಿ, ನಿರ್ದೇಶನ, ಸಂಕಲನ, ಇವಕ್ಕೆಲ್ಲ ಒಬ್ಬರಿಗೆ ಒಂದೇ ವೋಟು, ಯಾರಿಗೆ ಹೆಚ್ಚು ಬಿತ್ತೋ ಅವರೇ ಗೆದ್ದಂತೆ. ಅತ್ಯುತ್ತಮ ಚಿತ್ರಕ್ಕೆ ಮಾತ್ರ 2010ರ ಸಮಾರಂಭದಿಂದ ಪ್ರಾಶಸ್ತ್ಯದ ಮತ. ಸ್ಪರ್ಧೆಯಲ್ಲಿರುವ ಹತ್ತು ಸಿನಿಮಾಗಳನ್ನು ಮತದಾರರು ಒಂದು, ಎರಡು, ಮೂರು ಅಂತ ಇಷ್ಟದ ಕ್ರಮದಲ್ಲಿ ಬರೆಯುತ್ತಾರೆ. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು.

ಕೈಯಲ್ಲಿ ಲೆಕ್ಕ ಮಾಡಿ ನೋಡಿದರೆ ಬೇಗ ತಲೆಗೆ ಹತ್ತುತ್ತದೆ. 100 ಮತದಾರರು, ನಾಲ್ಕು ಸಿನಿಮಾ ಇವೆ ಅಂದುಕೊಳ್ಳಿ. ಮೊದಲ ಪ್ರಾಶಸ್ತ್ಯದಲ್ಲಿ ‘ಅ’ಗೆ 36, ‘ಬ’ಗೆ 27, ‘ಕ’ಗೆ 22, ‘ಡ’ಗೆ 15. ಯಾರಿಗೂ 50 ದಾಟಿಲ್ಲ. ಎಲ್ಲರಿಗಿಂತ ಕೆಳಗಿರುವ ‘ಡ’ ಹೊರಗೆ. ಅದರ 15 ಚೀಟಿಗಳಲ್ಲಿ ಎರಡನೇ ಹೆಸರು ಯಾವುದಿದೆಯೋ ಆ ಸಿನಿಮಾಕ್ಕೆ ಮತ ಹೋಗುತ್ತದೆ. ‘ಅ’ಗೆ 2, ‘ಬ’ಗೆ 3, ‘ಕ’ಗೆ 10 ಸಿಕ್ಕಿತು ಅನ್ನೋಣ. ಈಗ ‘ಅ’ 38, ‘ಬ’ 30, ‘ಕ’ 32. ಮೂರನೇ ಸ್ಥಾನದಲ್ಲಿದ್ದ ‘ಕ’ ಎರಡಕ್ಕೆ ಏರಿತು. ಈಗ ‘ಬ’ ಹೊರಗೆ. ಅದರ 30ರಲ್ಲಿ 7 ‘ಅ’ಗೆ, 23 ‘ಕ’ಗೆ ಬಂದರೆ? ‘ಅ’ 45, ‘ಕ’ 55. ಮೊದಲ ಸುತ್ತಲ್ಲಿ 14 ಮತ ಮುಂದಿದ್ದ ಸಿನಿಮಾ ಸೋತಿತು.

‘ಅ’ ಸೋತಿದ್ದು ಯಾಕೆ ಗೊತ್ತಾ? ಅದನ್ನು ಪ್ರೀತಿಸಿದವರು ತುಂಬಾ ಇದ್ದರು. ಆದರೆ ಉಳಿದವರು ಅದನ್ನು ಕೆಳಗೆ ತಳ್ಳಿದ್ದರು. ‘ಕ’ ಉಳಿದವರಲ್ಲಿ ಹೆಚ್ಚಿನವರ ಚೀಟಿಯಲ್ಲಿ ಎರಡು, ಮೂರನೇ ಜಾಗದಲ್ಲಿ ಇತ್ತು. ಅದಕ್ಕೇ ಅತ್ಯುತ್ತಮ ಚಿತ್ರ ಊಹಿಸುವಾಗ ಯಾವ ಸಿನಿಮಾಕ್ಕೆ ಅಭಿಮಾನಿಗಳು ಜಾಸ್ತಿ ಅನ್ನುವುದರ ಜೊತೆಗೆ ಯಾವ ಸಿನಿಮಾ ಕಂಡರೆ ಯಾರೂ ಮೂಗು ಮುರಿಯಲ್ಲ ಅನ್ನುವುದನ್ನೂ ನೋಡಿ. 2022ರಲ್ಲಿ ಗೆದ್ದ ‘ಕೋಡಾ’ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಇದ್ದದ್ದೇ 3 ನಾಮಿನೇಷನ್. ನಿರ್ದೇಶನಕ್ಕೂ ಇಲ್ಲ, ಸಂಕಲನಕ್ಕೂ ಇಲ್ಲ. ಮೂರಕ್ಕೆ ಮೂರೂ ಗೆದ್ದಿತು. ಅದನ್ನು ಬೇಡ ಅನ್ನುವವರು ಕಡಿಮೆ ಇದ್ದರು ಅಂತಲೇ ನನ್ನ ನಂಬಿಕೆ.

ನಿರ್ಮಾಪಕರ ಗಿಲ್ಡ್ ಕೂಡ ಇದೇ ಪದ್ಧತಿಯಲ್ಲಿ ಮತ ಎಣಿಸುತ್ತದೆ. ಆದ್ದರಿಂದ ಅತ್ಯುತ್ತಮ ಚಿತ್ರಕ್ಕೆ ನಾನು ಮೊದಲು ನೋಡುವುದು ಅದನ್ನೇ. 2010ರಿಂದ 2025ರವರೆಗೆ ಅದು ಎಡವಿದ್ದು ಮೂರೇ ಸಲ: 2016ರಲ್ಲಿ ‘ದಿ ಬಿಗ್ ಶಾರ್ಟ್’, 2017ರಲ್ಲಿ ‘ಲಾ ಲಾ ಲ್ಯಾಂಡ್’, 2020ರಲ್ಲಿ ‘1917’. ಗಿಲ್ಡ್ ಗೆದ್ದ ಈ ಮೂರನ್ನು ಆಸ್ಕರ್‌ನಲ್ಲಿ ‘ಸ್ಪಾಟ್‌ಲೈಟ್’, ‘ಮೂನ್‌ಲೈಟ್’, ‘ಪ್ಯಾರಸೈಟ್’ ಹಿಂದಿಕ್ಕಿದವು. 2014ರಲ್ಲಿ ಗಿಲ್ಡ್‌ನಲ್ಲಿ ಎರಡು ಸಿನಿಮಾಗಳಿಗೆ ಸಮ ಬಂತು, ಅದರಲ್ಲೊಂದು ಆಸ್ಕರ್ ಗೆದ್ದಿತು.

ಪ್ರಶ್ನೆ: 13 ನಾಮಿನೇಷನ್ ಬಂದ ‘ಎಮಿಲಿಯಾ ಪೆರೆಜ್’ ಬರೀ 2 ಗೆದ್ದಿದ್ದು ಹೇಗೆ?

ನಾಮಿನೇಷನ್ ಎಷ್ಟು ಬಂತು ಅನ್ನುವುದರಿಂದ ಅಕಾಡೆಮಿಯ ಎಷ್ಟು ಶಾಖೆಗಳು (ನಟರು, ಸಂಗೀತದವರು ಹೀಗೆ ಕಸುಬಿಗೊಂದು ಗುಂಪು) ಆ ಸಿನಿಮಾವನ್ನು ಗಮನಿಸಿದವು ಅನ್ನುವುದು ತಿಳಿಯುತ್ತದೆ. ಗೆಲುವಿಗೆ ಅದು ಸಾಲದು. ಈ ಸಿನಿಮಾದ ವಿಷಯದಲ್ಲಿ ಇನ್ನೊಂದು ಪೆಟ್ಟು ಬಿತ್ತು. ನಾಮಿನೇಷನ್ ಬಂದ ಮೇಲೆ, ಜನವರಿ ಕೊನೆಗೆ, ನಾಯಕಿ ಹಿಂದೆ ಜಾಲತಾಣದಲ್ಲಿ ಹಾಕಿದ್ದ ಆಕ್ಷೇಪಾರ್ಹ ಪೋಸ್ಟ್‌ಗಳು ಹೊರಬಂದವು. ಮತದಾನ ಇನ್ನೂ ಶುರುವಾಗಿರಲಿಲ್ಲ. ಪೋಷಕ ನಟಿ ಮತ್ತು ಹಾಡು ಬಿಟ್ಟರೆ ಏನೂ ಉಳಿಯಲಿಲ್ಲ. ಖಾತ್ರಿ ಅಂದುಕೊಂಡಿದ್ದ ಅಂತರರಾಷ್ಟ್ರೀಯ ಚಿತ್ರ ಪ್ರಶಸ್ತಿಯೂ ಬ್ರೆಜಿಲ್‌ನ ‘ಐ ಆಮ್ ಸ್ಟಿಲ್ ಹಿಯರ್’ ಪಾಲಾಯಿತು.

ಪ್ರಶ್ನೆ: ನಟನಾ ವಿಭಾಗದಲ್ಲಿ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್, ನಟರ ಗಿಲ್ಡ್ ಮೂರನ್ನೂ ಗೆದ್ದವರೂ ಆಸ್ಕರ್‌ನಲ್ಲಿ ಸೋತಿದ್ದಾರೆ. ಹಾಗಾದರೆ ಯಾವ ಸುಳಿವು ಹಿಡಿಯಬೇಕು?

ನಿಜ. 2019ರಲ್ಲಿ ಗ್ಲೆನ್ ಕ್ಲೋಸ್, 2021ರಲ್ಲಿ ಚಾಡ್‌ವಿಕ್ ಬೋಸ್‌ಮನ್, 2025ರಲ್ಲಿ ಡೆಮಿ ಮೂರ್. ಮೂವರೂ ನೀವು ಹೇಳಿದ ಮೂರು ಪ್ರಶಸ್ತಿ ಪಡೆದಿದ್ದರು. ಆಸ್ಕರ್ ಹೋಗಿದ್ದು ಒಲಿವಿಯಾ ಕೋಲ್ಮನ್, ಆಂಥನಿ ಹಾಪ್‌ಕಿನ್ಸ್, ಮೈಕಿ ಮ್ಯಾಡಿಸನ್‌ಗೆ. ಈ ಮೂವರ ಕೈಯಲ್ಲೂ ಒಂದೇ ದೊಡ್ಡ ಪ್ರಶಸ್ತಿ ಇತ್ತು: ಬ್ರಿಟನ್ನಿನ ಬಾಫ್ಟಾ. ಗ್ಲೋಬ್‌ನಲ್ಲಿ ಸಂಗೀತ-ಹಾಸ್ಯ, ಕ್ರಿಟಿಕ್ಸ್ ಚಾಯ್ಸ್‌ನಲ್ಲಿ ಹಾಸ್ಯ ಅಂತ ಬೇರೆ ವಿಭಾಗ ಇದ್ದದ್ದರಿಂದ ಕೋಲ್ಮನ್‌ಗೆ ಅವೂ ಬಂದಿದ್ದವು, ಅವನ್ನು ಪಕ್ಕಕ್ಕಿಡಿ.

ಇದಕ್ಕೆ ಕಾರಣವಿದೆ. ಅಕಾಡೆಮಿ ಕೆಲವು ವರ್ಷಗಳಿಂದ ಅಮೆರಿಕದ ಹೊರಗಿನವರನ್ನು ಹೆಚ್ಚು ಹೆಚ್ಚು ಸೇರಿಸಿಕೊಳ್ಳುತ್ತಿದೆ. ಬಾಫ್ಟಾದಲ್ಲೂ ಎಲ್ಲ ಕಸುಬಿನ ಸಿನಿಮಾ ಮಂದಿ ಇದ್ದಾರೆ. ನಟರ ಗಿಲ್ಡ್‌ನಲ್ಲಿ ಲಕ್ಷಕ್ಕೂ ಹೆಚ್ಚು ಸದಸ್ಯರು ಇದ್ದರೂ ಅವರಲ್ಲಿ ಅಕಾಡೆಮಿಗೆ ಸೇರಿದವರು ತೀರಾ ಕಡಿಮೆ.

ಹಾಗಂತ ಬಾಫ್ಟಾವನ್ನೇ ಕಣ್ಣುಮುಚ್ಚಿ ನಂಬಿದರೆ 2023 ನೆನಪಿಸಿಕೊಳ್ಳಿ. ನಟನೆಯ ನಾಲ್ಕೂ ವಿಭಾಗಗಳಲ್ಲಿ ಬಾಫ್ಟಾ ಬೇರೆಯವರನ್ನು ಆರಿಸಿತ್ತು. ನಟರ ಗಿಲ್ಡ್ ಆರಿಸಿದ ನಾಲ್ವರೇ ಆಸ್ಕರ್ ಗೆದ್ದರು: ಮಿಶೆಲ್ ಯೋ, ಬ್ರೆಂಡನ್ ಫ್ರೇಸರ್, ಕೆ ಹುಯ್ ಕ್ವಾನ್, ಜೇಮಿ ಲೀ ಕರ್ಟಿಸ್.

ನನ್ನ ದಾರಿ ಇದು. ಗಿಲ್ಡ್ ಮತ್ತು ಬಾಫ್ಟಾ ಒಂದೇ ಹೆಸರು ಹೇಳಿದರೆ ಆ ಹೆಸರು ಬರೆದುಬಿಡಿ. ಎರಡೂ ಬೇರೆ ಬೇರೆ ಹೇಳಿದರೆ ಯಾರ ಸಿನಿಮಾವನ್ನು ಅಕಾಡೆಮಿ ಒಟ್ಟಾರೆ ಹೆಚ್ಚು ಮೆಚ್ಚಿದೆ ನೋಡಿ. ಕೋಲ್ಮನ್ ಅವರ ‘ದಿ ಫೇವರಿಟ್’ಗೆ 10 ನಾಮಿನೇಷನ್ ಇತ್ತು. ಕ್ಲೋಸ್ ಅವರ ‘ದಿ ವೈಫ್’ಗೆ ಇದ್ದದ್ದು ಅವರದೊಂದೇ. ಹಾಪ್‌ಕಿನ್ಸ್ ಅವರ ‘ದಿ ಫಾದರ್’ ಅತ್ಯುತ್ತಮ ಚಿತ್ರದ ಸ್ಪರ್ಧೆಯಲ್ಲಿತ್ತು, ಬೋಸ್‌ಮನ್ ಅವರ ಸಿನಿಮಾ ಇರಲಿಲ್ಲ. ಮ್ಯಾಡಿಸನ್, ಯೋ ಇಬ್ಬರೂ ಆ ವರ್ಷದ ಅತ್ಯುತ್ತಮ ಚಿತ್ರದವರೇ. ಫ್ರೇಸರ್ ಮಾತ್ರ ಈ ಲೆಕ್ಕಕ್ಕೆ ಸಿಗಲ್ಲ. ಅವರ ‘ದಿ ವೇಲ್’ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲೇ ಇರಲಿಲ್ಲ. ತೆರೆಯಿಂದ ಮರೆಯಾಗಿದ್ದವರು ವರ್ಷಗಳ ನಂತರ ಮರಳಿ ಬಂದಿದ್ದು ಮತದಾರರ ಮನಸ್ಸು ಮುಟ್ಟಿತು ಅಂತ ನನಗನಿಸುತ್ತದೆ.

ಪ್ರಶ್ನೆ: ‘ನಾಟು ನಾಟು’ ಗೆಲ್ಲುತ್ತದೆ ಅಂತ ಮೊದಲೇ ಹೇಳಬಹುದಿತ್ತಾ? ಎದುರಿಗೆ ಲೇಡಿ ಗಾಗಾ, ರಿಹಾನಾ ಇದ್ದರಲ್ಲ?

ಹೇಳಬಹುದಿತ್ತು. 2023ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್ ಎರಡೂ ಅದಕ್ಕೆ ಬಂದಿದ್ದವು. ಗ್ಲೋಬ್ ನಂಬಬೇಡಿ ಅಂತ ಈಗಷ್ಟೇ ಹೇಳಿದವರು ಇಲ್ಲಿ ಯಾಕೆ ಅದರ ಮಾತು ಎತ್ತುತ್ತೀರಿ ಅಂತ ಕೇಳಬಹುದು. ಹಾಡಿನ ವಿಭಾಗದಲ್ಲಿ ನಾಮಿನೇಷನ್ ಮಾಡುವವರು ಸಂಗೀತ ಶಾಖೆಯವರು. ಗೆಲ್ಲಿಸುವವರು ಇಡೀ ಅಕಾಡೆಮಿಯವರು. ಕ್ಯಾಮೆರಾ ಹಿಡಿಯುವವರು, ಮೇಕಪ್ ಮಾಡುವವರು ಎಲ್ಲರೂ ಹಾಡಿಗೂ ವೋಟು ಹಾಕುತ್ತಾರೆ. ಅವರು ರಾಗದ ಸೂಕ್ಷ್ಮ ತೂಗಿ ನೋಡುವುದಕ್ಕಿಂತ ಹಾಡು ನೆನಪಿದೆಯಾ, ಸಿನಿಮಾದಲ್ಲಿ ಅದು ಬರುವ ದೃಶ್ಯ ಕಣ್ಣಿಗೆ ಕಟ್ಟುತ್ತದಾ ಅಂತ ನೋಡುತ್ತಾರೆ. ಇಂಥ ಕಡೆ ಹೆಸರು ಓಡಾಡುವುದೇ ದೊಡ್ಡ ಬಲ. ಉಳಿದ ಹಾಡುಗಳಲ್ಲಿ ಕೆಲವು ಸಿನಿಮಾ ಮುಗಿದು ಹೆಸರುಗಳು ಓಡುವಾಗ ಕೇಳಿಸುವಂಥವು. ‘ನಾಟು ನಾಟು’ ಕಥೆಯ ನಡುವೆ ಕುಣಿಯಿತು.

ಶಾಖೆಯ ಮೆಚ್ಚುಗೆ ಬೇರೆ, ಅಕಾಡೆಮಿಯ ವೋಟು ಬೇರೆ ಅನ್ನುವುದು ಡಯೇನ್ ವಾರೆನ್ ಅವರನ್ನು ನೋಡಿದರೆ ತಿಳಿಯುತ್ತದೆ. 2025ರ ಹೊತ್ತಿಗೆ ಈ ಗೀತರಚನೆಕಾರ್ತಿಗೆ ಹಾಡಿನ ವಿಭಾಗದಲ್ಲಿ 16 ನಾಮಿನೇಷನ್ ಬಂದಿತ್ತು. ಸ್ಪರ್ಧೆಯಲ್ಲಿ ಒಂದು ಸಲವೂ ಗೆದ್ದಿರಲಿಲ್ಲ. ಅವರ ಕೈಗೆ ಬಂದಿದ್ದು 2022ರ ಗೌರವ ಆಸ್ಕರ್. ಇಂಥ ಪ್ರತಿಭೆಗೆ ಇದು ಅನ್ಯಾಯವೇ. ಆದರೆ ಊಹೆ ಮಾಡುವಾಗ ಇದನ್ನು ಮರೆಯುವ ಹಾಗಿಲ್ಲ.

ಪ್ರಶ್ನೆ: ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗೆ ಸುಮ್ನೆ ಯಾವುದೋ ಒಂದಕ್ಕೆ ಟಿಕ್ ಹಾಕುತ್ತೇನೆ. ಅಲ್ಲಿಯೂ ಲೆಕ್ಕ ಇದೆಯಾ?

ಇದೆ. ಪಂದ್ಯ ಗೆಲ್ಲುವವರು ಗೆಲ್ಲುವುದೂ ಅಲ್ಲೇ, ಯಾಕಂದರೆ ದೊಡ್ಡ ವಿಭಾಗಗಳಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ಹೆಸರು ಬರೆದಿರುತ್ತಾರೆ. ಕಿರುಚಿತ್ರಗಳನ್ನು ನೀವೇ ನೋಡಿ. ಐದನ್ನೂ ನೋಡಲು ಒಂದು ಸಂಜೆ ಸಾಕು. ಈಗ ಇದಕ್ಕೆ ಬೆಲೆ ಇನ್ನೂ ಜಾಸ್ತಿ. 2025ರಲ್ಲಿ ಪ್ರಕಟವಾದ ಹೊಸ ನಿಯಮದ ಪ್ರಕಾರ, ಒಂದು ವಿಭಾಗದ ಎಲ್ಲ ಸಿನಿಮಾಗಳನ್ನು ನೋಡಿದ ಸದಸ್ಯರು ಮಾತ್ರ ಆ ವಿಭಾಗದ ಅಂತಿಮ ಸುತ್ತಿನಲ್ಲಿ ವೋಟು ಹಾಕಬಹುದು. 2026ರ ಸಮಾರಂಭದಿಂದ ಇದು ಜಾರಿ. ನೋಡದೇ, ಕೇಳಿದ ಹೆಸರಿಗೆ ವೋಟು ಹಾಕುವುದು ಇದರಿಂದ ಕಷ್ಟವಾಗುತ್ತದೆ. ಇಷ್ಟು ತಡವಾಗಿ ಬಂದರೂ ಒಳ್ಳೆಯ ನಿಯಮ.

ಪ್ರಶ್ನೆ: ಸಮಾರಂಭ ನಡೆಯುತ್ತಿರುವಾಗಲೇ ಕೊನೆಯ ಪ್ರಶಸ್ತಿಗಳನ್ನು ಊಹಿಸಬಹುದಾ?

ಒಂದು ಮಟ್ಟಿಗೆ ಆಗುತ್ತದೆ. ಚಿತ್ರಕಥೆಯ ಎರಡು ಪ್ರಶಸ್ತಿ ಮತ್ತು ಸಂಕಲನ, ಇವುಗಳ ಮೇಲೆ ಕಣ್ಣಿಡಿ. 2020ರಲ್ಲಿ ‘ಪ್ಯಾರಸೈಟ್’ ಮೂಲ ಚಿತ್ರಕಥೆ ಗೆದ್ದಾಗಲೇ ಅದು ಬರೀ ಅಂತರರಾಷ್ಟ್ರೀಯ ಚಿತ್ರದ ಪ್ರಶಸ್ತಿಗೆ ನಿಲ್ಲುವ ಸಿನಿಮಾ ಅಲ್ಲ ಅಂತ ಗೊತ್ತಾಯಿತು. 2025ರಲ್ಲಿ ‘ಅನೋರಾ’ ನಿರ್ದೇಶಕ ಶಾನ್ ಬೇಕರ್ ಮೊದಲು ಚಿತ್ರಕಥೆಗೆ, ಆಮೇಲೆ ಸಂಕಲನಕ್ಕೆ ವೇದಿಕೆ ಹತ್ತಿದರು. ಅಲ್ಲಿಗೆ ‘ಅನೋರಾ’ದ ರಾತ್ರಿ ಖಚಿತವಾದಂತೆಯೇ.

ನಟನೆಗೂ ಇದು ಕೆಲಸಕ್ಕೆ ಬರುತ್ತದೆ. 2021ರ ಸಮಾರಂಭದಲ್ಲಿ ವಾಡಿಕೆ ಬಿಟ್ಟು ಅತ್ಯುತ್ತಮ ನಟ ಪ್ರಶಸ್ತಿಯನ್ನು ಕೊನೆಗಿಟ್ಟಿದ್ದರು. ಬೋಸ್‌ಮನ್ ಅವರಿಗೇ ಅಂತ ಹೆಚ್ಚಿನವರು ತೀರ್ಮಾನಿಸಿದ್ದರು. ಆದರೆ ಆ ರಾತ್ರಿ ಶುರುವಿನಲ್ಲೇ ಆಧಾರಿತ ಚಿತ್ರಕಥೆಯ ಪ್ರಶಸ್ತಿ ‘ದಿ ಫಾದರ್’ಗೆ ಬಂದಿತ್ತು. ಮತದಾರರು ಆ ಸಿನಿಮಾವನ್ನು ಬರೀ ನೋಡಿರಲಿಲ್ಲ, ಮೆಚ್ಚಿದ್ದರು. ಹಾಪ್‌ಕಿನ್ಸ್ ಗೆಲ್ಲಬಹುದು ಅನ್ನುವ ಸುಳಿವು ಅದರಲ್ಲೇ ಇತ್ತು.